ಹಿಂದ ಒಂದು ‘ಅಪ್ಪ’ ಹಚ್ಚರಿ

“ಯಜಮಾನರ ಹೆಸರೇನ್ರೀ ಯವ್ವಾ?”

“ಅದನ್ನ ನನ್ನ ಬಾಯಿಂದ ಹ್ಯಾಂಗ ಹೇಳ್ಲಿ ಮಾಸ್ತರ? ಹನಮಪ್ಪ ಸಮುದ್ರ ಹಾರಿದ್ದು ಯಾರ ಸಲುವಾಗಿ?”

“ಸೀತವ್ವನ ಸಲುವಾಗಿ.”

“ಆಕಿ ಗಂಡನ ಹೆಸರು ಬರಕೋರಿ. ಹಿಂದ ಒಂದು ‘ಅಪ್ಪ’ ಹಚ್ಚರಿ.”

ಮಾಸ್ತರು ‘ರಾಮಪ್ಪ’ ಎಂದು ಬರೆದುಕೊಂಡು ಮುಂದಿನ ಮನೆಗೆ ನಡೆಯುತ್ತಾರೆ. ಜನಗಣತಿಗೆಂದೋ ಮತದಾರರ ಪಟ್ಟಿಗೆಂದೋ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮನೆಮನೆ ಅಲೆದ ಹಳೆಯ ಮಾಸ್ತರರ ಬಳಿ ಇಂಥ ಒಂದಾದರೂ ಮಾತುಕತೆ ಸಿಗುತ್ತದೆ. ಫಾರಂ ಕೇಳುವುದು ಒಂದೇ ಶಬ್ದ. ಅದು ಹೊರಬೀಳಬೇಕಾದರೆ ಸುಂದರಕಾಂಡವನ್ನೇ ದಾಟಿ ಬರಬೇಕು. ಅಷ್ಟರಲ್ಲಿ ಬಾಗಿಲ ಹಿಂದೆ ನಿಂತ ಮಗನೇನಾದರೂ ಅಪ್ಪನ ಹೆಸರನ್ನು ಕೂಗಿಬಿಟ್ಟರೆ ಆಟ ಅಲ್ಲಿಗೇ ಮುಗಿಯಿತು. ತಾಯಿಗೂ ನಿರಾಳ, ಮಾಸ್ತರಿಗೂ ನಿರಾಳ.

ಗಂಡನ ಹೆಸರೆತ್ತಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬುದು ಹಿರಿಯರು ಕೊಡುತ್ತಿದ್ದ ಕಾರಣ. ಆದರೆ ಬಾಯಿಗೆ ಬೀಗ ಹೆಣ್ಣಿಗೆ ಮಾತ್ರ ಅಲ್ಲ. ಒಳ್ಳೆಯದಾಗಬೇಕೆನ್ನುವವನು ತನ್ನ ಹೆಸರು, ಗುರುವಿನ ಹೆಸರು, ಕಡುಜಿಪುಣನ ಹೆಸರು, ಹಿರಿಯ ಮಗುವಿನ ಹೆಸರು, ಹೆಂಡತಿಯ ಹೆಸರು ಹೇಳಬಾರದು ಎಂಬ ಅರ್ಥದ ಹಳೆಯ ಸಂಸ್ಕೃತ ಶ್ಲೋಕವೊಂದಿದೆ. ಗುರುವನ್ನೂ ಜಿಪುಣನನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ ಆ ಕವಿಯ ಧೈರ್ಯವನ್ನು ಮೆಚ್ಚಬೇಕು. ಗಂಡಸರು ಈ ನಿಯಮವನ್ನು ‘ಲೇ’, ‘ಇವಳೇ’, ‘ಕೇಳಿಸ್ತಾ’ಗಳಲ್ಲಿ ಸಲೀಸಾಗಿ ಪಾಲಿಸಿದರು. ಅವರನ್ನು ತಡೆದು ಹೆಂಡತಿಯ ಹೆಸರು ಕೇಳುವವರು ಯಾರೂ ಇರಲಿಲ್ಲ. ಹೆಂಗಸರಿಗಾದರೆ ‘ನಮ್ಮವರು’, ‘ಮನಿಯವರು’, ‘ಪುಟ್ಟನ ಅಪ್ಪ’ ಇವಿಷ್ಟು ಮನೆಯೊಳಗೆ ಸಾಕು, ಹೊರಗೆ ಸಾಲದು. ಆಸ್ಪತ್ರೆಯ ಚೀಟಿಗೆ, ಶಾಲೆಯ ದಾಖಲೆಗೆ, ಸೊಸೈಟಿಯ ಸಾಲಕ್ಕೆ ಹೆಸರೇ ಬೇಕು. ಸುಳಿವು ಕೊಡುವ ವಿದ್ಯೆ ಹುಟ್ಟಿದ್ದು ಈ ಇಕ್ಕಟ್ಟಿನಲ್ಲಿ.

ಸುಳಿವು ಕೊಡುವವಳಿಗಿಂತ ಬಿಡಿಸುವವನಿಗೇ ಕಷ್ಟ ಹೆಚ್ಚು. ‘ಹಗಲು ಬೆಳಕು ಕೊಡೋರು’ ಎಂದರೆ ಸೂರ್ಯ ಎಂದು ಯಾರಿಗಾದರೂ ಹೊಳೆಯುತ್ತದೆ. ಆದರೆ ಮನೆಯ ಯಜಮಾನ ರವಿಯೋ ಭಾಸ್ಕರನೋ ದಿವಾಕರನೋ ಪ್ರಭಾಕರನೋ ಆದಿತ್ಯನೋ? ‘ಸೊಂಡಿಲ ದೇವರು’ ಎಂದರೆ ಗಣೇಶ, ವಿನಾಯಕ, ಗಜಾನನ, ವಿಘ್ನೇಶ್ವರ ಸಾಲಾಗಿ ನಿಲ್ಲುತ್ತಾರೆ. ವಿಷ್ಣುವಿನ ಕಡೆಗೆ ಹೋಗುವುದಂತೂ ಬೇಡವೇ ಬೇಡ, ಅಲ್ಲಿ ಸಾವಿರ ಇವೆ. ಹಾಗಾಗಿ ಪಳಗಿದ ಹೆಂಗಸು ದೇವರ ಗುಣ ಹೇಳುವುದಿಲ್ಲ, ನೆಂಟಸ್ತಿಕೆ ಹೇಳುತ್ತಾಳೆ. ‘ರಾಮನ ತಮ್ಮ’ ಎಂದರೆ ಮೂವರಾಗುತ್ತಾರೆ. ‘ಅಣ್ಣನ ಸಂಗಡ ಕಾಡಿಗೆ ಹೋದವ’ ಎಂದರೆ ಒಬ್ಬನೇ. ಕನಕದಾಸರ ಮುಂಡಿಗೆಗಳಲ್ಲಿ ಇಂಥವನ ಮಗನ ಶತ್ರುವಿನ ಅಣ್ಣನ ವಾಹನ ಎನ್ನುತ್ತ ಹಗ್ಗ ಹೊಸೆದ ಹಾಗೆ ನಂಟು ಬೆಳೆಯುತ್ತ ಹೋಗುತ್ತದಲ್ಲ, ಹಳ್ಳಿಯ ಹೆಣ್ಣುಮಗಳು ಅದನ್ನೇ ಎರಡು ಮೊಳಕ್ಕೆ ಕತ್ತರಿಸಿ ಬಳಸುತ್ತಾಳೆ. ಪಂಡಿತರು ಅರ್ಥ ಹೇಳಲು ಹೆಣಗುವುದನ್ನು ಆಕೆ ಹೊಸ್ತಿಲ ಮೇಲೆ ನಿಂತು, ಒಲೆಯ ಮೇಲಿನ ಹಾಲಿನ ಮೇಲೊಂದು ಕಣ್ಣಿಟ್ಟು ಮುಗಿಸುತ್ತಾಳೆ.

ಬಿಡಿಸುವವನಿಗೆ ಪುರಾಣ ಸಾಲದು, ಭೂಗೋಳವೂ ಬೇಕು. ಕರ್ನಾಟಕದ ಹೆಸರುಗಳಿಗೆ ಊರು ಅಂಟಿಕೊಂಡಿರುತ್ತದೆ. ‘ನಮ್ಮವರದು ಕಪಿಲಾ ದಂಡೆಯ ದೇವರ ಹೆಸರು’ ಎಂದರೆ ನಂಜುಂಡ. ಏಳುಮಲೆಯ ಒಡೆಯ ಎಂದರೆ ಚಾಮರಾಜನಗರದ ಕಡೆ ಮಾದೇಶ, ಅದೇ ಮಾತು ಕೋಲಾರದಲ್ಲಿ ಕೇಳಿಬಂದರೆ ತಿರುಪತಿಯ ವೆಂಕಟೇಶ ಆದರೂ ಆದಾನು. ಕೊಪ್ಪಳದ ಗವಿಮಠ ಎಂದರೆ ಗವಿಸಿದ್ದಪ್ಪ, ಕಲಬುರಗಿಯ ಅಪ್ಪನ ಗುಡಿ ಎಂದರೆ ಶರಣಬಸಪ್ಪ, ಹಂಪಿ ಎಂದರೆ ವಿರೂಪಾಕ್ಷ, ಹುಲಿಗಿ ಎಂದರೆ ಹುಲಿಗೆಮ್ಮ, ಕೊಟ್ಟೂರಿನ ತೇರು ಎಂದರೆ ಕೊಟ್ರೇಶ. ಈ ಕೊಟ್ರೇಶನಂತೂ ಎಷ್ಟು ನಿಷ್ಠಾವಂತ ಹೆಸರೆಂದರೆ ಬೆಂಗಳೂರಿನ ಯಾವ ಆಫೀಸಿನಲ್ಲಿ ಕುಳಿತಿದ್ದರೂ ಬಳ್ಳಾರಿ, ವಿಜಯನಗರ, ದಾವಣಗೆರೆಯ ಸೀಮೆಯನ್ನು ಬೆನ್ನಿಗೆ ಕಟ್ಟಿಕೊಂಡೇ ಕುಳಿತಿರುತ್ತದೆ. ಗದಗ ಜಿಲ್ಲೆಯ ಶಿರಹಟ್ಟಿಯಲ್ಲಿ ಫಕೀರೇಶ್ವರ ಮಠವಿದೆ. ಆ ಮಠಕ್ಕೆ ನಡೆದುಕೊಳ್ಳುವ ಮನೆಗಳಲ್ಲಿ ಫಕೀರಪ್ಪ, ಫಕೀರವ್ವ ಇರುತ್ತಾರೆ. ಹೆಸರು ನೋಡಿ ಧರ್ಮ ಹೇಳುತ್ತೇನೆಂದು ಹೊರಟವನು ಶಿರಹಟ್ಟಿಯಲ್ಲಿ ಸೋಲುತ್ತಾನೆ. ಸೋಲುವುದೇ ಒಳ್ಳೆಯದು. ಮಂಜುನಾಥನ ವಿಷಯದಲ್ಲಿ ಮಾತ್ರ ಭೂಗೋಳ ಕೈಕೊಡುತ್ತದೆ: ಧರ್ಮಸ್ಥಳ ನೇತ್ರಾವತಿಯ ದಂಡೆಯಲ್ಲಿದೆ, ಮಂಜುನಾಥರು ನಾಡಿನ ಪ್ರತಿ ತರಗತಿಯಲ್ಲೂ ಇದ್ದಾರೆ.

ತುಳುನಾಡಿನಲ್ಲಿ ಪಂಚಾಂಗವೇ ಸುಳಿವು. ದುಡಿಯುವ ಸಮುದಾಯಗಳಲ್ಲಿ ಮಗು ಹುಟ್ಟಿದ ವಾರವೇ ಹೆಸರಾಗುವ ರೂಢಿಯಿತ್ತು. ಭಾನುವಾರದವನು ಐತ, ಮಂಗಳವಾರದವನು ಅಂಗಾರ, ಗುರುವಾರದವನು ಗುರುವ, ಶುಕ್ರವಾರದವನು ತುಕ್ರ, ಶನಿವಾರದವನು ತನಿಯ. ವಾರ ಹೇಳಿದರೆ ಹೆಸರು ಸಿಕ್ಕಿತು, ಹೆಸರು ಹೇಳಿದರೆ ಹುಟ್ಟಿದ ವಾರ ಸಿಕ್ಕಿತು. ಜಾತಕ ಬರೆಸುವ ಮನೆಗಳಲ್ಲಿ ಇದೇ ಲೆಕ್ಕ ಇನ್ನಷ್ಟು ಸೂಕ್ಷ್ಮವಾಯಿತು. 27 ನಕ್ಷತ್ರಕ್ಕೆ ನಾಲ್ಕು ನಾಲ್ಕು ಪಾದ, ಒಟ್ಟು 108 ಪಾದ, ಪ್ರತಿ ಪಾದಕ್ಕೂ ಒಂದು ಅಕ್ಷರ. ಅಶ್ವಿನಿಯಾದರೆ ಚು, ಚೇ, ಚೋ, ಲಾ. ಮೊದಲ ಮೂರಕ್ಕೆ ಹೆಸರು ಹುಡುಕುವ ಅಪ್ಪನ ಪಾಡು ಗಣತಿಯ ಮಾಸ್ತರನ ಪಾಡಿಗಿಂತ ಕಡಿಮೆಯದಲ್ಲ.

ಇಷ್ಟು ಹೊತ್ತೂ ಮಾತಾಡಿದ್ದು ಹೆಸರನ್ನು ಬಚ್ಚಿಡುವ ಆಟದ ಬಗ್ಗೆ. ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ಇದಕ್ಕೆ ಎದುರಾಗಿ ಬಿಚ್ಚಿ ಹೇಳುವ ಇನ್ನೊಂದು ಆಟವಿದೆ. ಅದೇ ಒಡಪು. ದಿನವೂ ಹೇಳಬಾರದ ಹೆಸರನ್ನು ಮದುವೆಯಲ್ಲಿ, ಕುಬಸದಲ್ಲಿ, ತೊಟ್ಟಿಲ ಕಾರ್ಯದಲ್ಲಿ ಹತ್ತು ಜನರ ಎದುರು ಹೇಳಲೇಬೇಕು. ಬರಿದೇ ಹೇಳುವ ಹಾಗಿಲ್ಲ, ಪ್ರಾಸದೊಳಗೆ ಕಟ್ಟಿ ಹೇಳಬೇಕು. ಹೊಸ ಸೊಸೆ ಹೊಸ್ತಿಲಿಗೆ ಬಂದ ಕೂಡಲೆ ನಾದಿನಿ ಬಾಗಿಲಿಗೆ ಅಡ್ಡ ಕೈ ಹಿಡಿಯುತ್ತಾಳೆ: “ಹೆಸರು ಹೇಳಿದ್ರಷ್ಟ ಒಳಗ, ವೈನಿ!” ವೈನಿ ತಲೆ ತಗ್ಗಿಸುತ್ತಾಳೆ, ನಾಚುತ್ತಾಳೆ, ಬರುವುದಿಲ್ಲ ಎನ್ನುತ್ತಾಳೆ. ಇವೆಲ್ಲ ಶಾಸ್ತ್ರ. ವಾರದ ಹಿಂದೆಯೇ ಗೆಳತಿಯರ ನಡುವೆ ಕುಳಿತು ತಯಾರಿ ಮುಗಿದಿರುತ್ತದೆ. ಕೊನೆಗೆ ಒಂದೇ ಉಸಿರಿನಲ್ಲಿ ಬರುತ್ತದೆ ಇಂಥದೊಂದು:

ಧಾರವಾಡದ ಪೇಡೆ, ಗೋಕಾಕದ ಕರದಂಟು,
ಬಸವರಾಜರಿಗೂ ನನಗೂ ಏಳು ಜನ್ಮದ ನಂಟು.

ಮೊದಲ ಸಾಲಿಗೂ ಎರಡನೆಯ ಸಾಲಿಗೂ ಏನು ಸಂಬಂಧ ಎಂದು ಕೇಳುವವನು ಒಡಪಿನ ಮನೆಗೆ ಊಟಕ್ಕೆ ಬರಬಾರದು. ಮೊದಲ ಸಾಲು ಇರುವುದು ಕೇಳುವವರನ್ನು ಕಾಯಿಸಲಿಕ್ಕೆ. ಕರದಂಟು ಬಂತು, ಇನ್ನು ಹೆಸರು ಬರುತ್ತದೆ ಎಂದು ಎಲ್ಲರೂ ಕಿವಿ ನಿಮಿರಿಸಬೇಕು. ಹೊಸ ಸೊಸೆಯ ಒಡಪಿನಲ್ಲಿ ಪೇಡೆ ಇರುತ್ತದೆ, ಹತ್ತು ವರ್ಷ ಸಂಸಾರ ಮಾಡಿದವಳ ಒಡಪಿನ ರುಚಿಯೇ ಬೇರೆ:

ಅಕ್ಕಿ ಆರಿಸಿ ಸಾಕಾತು, ಬ್ಯಾಳಿ ಬೇಯಿಸಿ ಬ್ಯಾಸರಾತು,
ಶಿವಾನಂದರ ದಾರಿ ಕಾದು ಬಿಸಿರೊಟ್ಟಿ ಆರಿ ಹೋತು.

ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕುತ್ತ ಕುಳಿತ ಶಿವಾನಂದರು ಇದಕ್ಕೆ ಉತ್ತರ ಕೊಡುವಂತಿಲ್ಲ. ಹೆಂಡತಿ ಬೈದಿಲ್ಲವಲ್ಲ, ಗೌರವದಿಂದ ಬಹುವಚನದಲ್ಲೇ ಹೆಸರು ಹೇಳಿದ್ದಾಳೆ. ಒಡಪಿನ ಸೊಗಸೇ ಇದು: ಹೇಳಬಾರದೆಂಬ ಕಟ್ಟಳೆಯನ್ನು ಹೊಗಳಲಿಕ್ಕೂ ಕುಟುಕಲಿಕ್ಕೂ ಸಿಕ್ಕ ಪರವಾನಗಿಯಾಗಿ ಹೆಂಗಸರು ಬದಲಾಯಿಸಿಕೊಂಡರು. ಗಡಿಯಾಚೆ ಮರಾಠಿ ಹೆಂಗಸರಲ್ಲಿ ಇದೇ ಆಟ ಉಖಾಣೆ ಎಂಬ ಹೆಸರಿನಲ್ಲಿದೆ, ಅಲ್ಲಿಯೂ ಬಾಗಿಲು ಅಡ್ಡಗಟ್ಟುತ್ತಾರೆ. ಹಳೆ ಮೈಸೂರಿನ ಕಡೆ ಇದನ್ನು ಒಗಟು ಎನ್ನುವವರೂ ಇದ್ದಾರೆ.

ಸುಳಿವಿನ ಈ ನಾಚಿಕೆಗೆ ಕಾವ್ಯದಲ್ಲೂ ಜಾಗ ಸಿಕ್ಕಿದೆ. ತುಲಸೀದಾಸರ ರಾಮಚರಿತಮಾನಸದಲ್ಲಿ ಕಾಡಿಗೆ ಹೊರಟ ಸೀತೆಯನ್ನು ದಾರಿಯ ಹಳ್ಳಿಯ ಹೆಂಗಸರು ಸುತ್ತುವರಿದು, ಇವರಿಬ್ಬರು ನಿನಗೇನಾಗಬೇಕು ಎಂದು ಕೇಳುತ್ತಾರೆ. ಬಿಳುಪು ಮೈಬಣ್ಣದವನು ಮೈದುನ ಲಕ್ಷ್ಮಣ ಎಂದು ಹೆಸರು ಹೇಳುವ ಸೀತೆ, ಇನ್ನೊಬ್ಬನನ್ನು ಕಣ್ಣಂಚಿನಲ್ಲೇ ತೋರಿಸಿ ಸುಮ್ಮನಾಗುತ್ತಾಳೆ. ಹಳ್ಳಿಯ ಹೆಂಗಸರು ಜಾಣೆಯರು, ಅಷ್ಟಕ್ಕೇ ತಿಳಿದುಕೊಂಡರು. ಇತ್ತ ಕನ್ನಡದಲ್ಲಿ 12ನೇ ಶತಮಾನದಲ್ಲೇ ಒಬ್ಬಳು ಈ ಕಟ್ಟಳೆಯನ್ನು ತಲೆಕೆಳಗು ಮಾಡಿದ್ದಳು. ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನೇ ತನ್ನ ಗಂಡನೆಂದು ಸಾರಿ, ವಚನ ವಚನಕ್ಕೂ ಅವನ ಹೆಸರನ್ನೇ ಅಂಕಿತವಾಗಿ ಹಾಕಿದಳು. ಗಂಡನ ಹೆಸರನ್ನು ಅಷ್ಟು ಸಲ, ಅಷ್ಟು ಗಟ್ಟಿಯಾಗಿ ಹೇಳಿದ ಇನ್ನೊಬ್ಬ ಹೆಣ್ಣು ಕನ್ನಡ ಸಾಹಿತ್ಯದಲ್ಲಿ ಸಿಗುವುದು ಕಷ್ಟ.

ಗಂಡಸರೂ ಸುಳಿವಿನ ಆಟಕ್ಕೆ ಬಂದರು, ಕಾವ್ಯನಾಮದ ವೇಷದಲ್ಲಿ. ಮಾಸ್ತಿ ವೆಂಕಟೇಶ ಅಯ್ಯಂಗಾರರು ‘ಶ್ರೀನಿವಾಸ’ ಎಂದು ಬರೆದರು. ವೆಂಕಟೇಶನಿಗೆ ಅದು ಇನ್ನೊಂದು ಹೆಸರು. ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು ‘ಅಂಬಿಕಾತನಯದತ್ತ’ರಾದರು; ಅದರಲ್ಲಿ ತಾಯಿಯೂ ಇದ್ದಾಳೆ, ಮಗನೂ ಇದ್ದಾನೆ, ಅವರಿಬ್ಬರ ನಂಟೂ ಇದೆ. ಹಲಸಂಗಿಯ ಚೆನ್ನಮಲ್ಲಪ್ಪ ‘ಮಧುರಚೆನ್ನ’, ರಂಗನಾಥ ಶ್ರೀನಿವಾಸ ಮುಗಳಿ ‘ರಸಿಕರಂಗ’. ಗೋಕಾಕರಂತೂ ‘ವಿನಾಯಕ’ ಎಂದು ತಮ್ಮ ಸ್ವಂತ ಹೆಸರನ್ನೇ ಕಾವ್ಯನಾಮ ಮಾಡಿಕೊಂಡು, ಬಿಡಿಸಲು ಏನನ್ನೂ ಉಳಿಸಲಿಲ್ಲ. ಆಟದ ಲೆಕ್ಕದಲ್ಲಿ ಇವರೆಲ್ಲರಿಗಿಂತ ಬೇಂದ್ರೆಯವರಿಗೇ ಹೆಚ್ಚು ಅಂಕ.

ಆಟ ಚೆಂದ ಎಂದ ಮಾತ್ರಕ್ಕೆ ಅದಕ್ಕೆ ತೆತ್ತ ಬೆಲೆಯನ್ನು ಮರೆಯಲಾಗದು. 1951-52ರ ಮೊದಲ ಮಹಾಚುನಾವಣೆಗೆ ಪಟ್ಟಿ ತಯಾರಾಗುವಾಗ ಲಕ್ಷಗಟ್ಟಲೆ ಹೆಂಗಸರು ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ್ದರು. ಅಲ್ಲಿ ಮುಚ್ಚಿಹೋದದ್ದು ಗಂಡನ ಹೆಸರಲ್ಲ, ಹೆಣ್ಣಿನ ಸ್ವಂತ ಹೆಸರು. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ್ ಸೇನ್ ಇದಕ್ಕೆ ಒಪ್ಪಲಿಲ್ಲ. ಮತದಾರಳಿಗೆ ತನ್ನದೇ ಹೆಸರು ಇರಬೇಕು ಎಂದರು. ಸುಮಾರು 8 ಕೋಟಿ ಮಹಿಳಾ ಮತದಾರರಲ್ಲಿ 28 ಲಕ್ಷದಷ್ಟು ಮಂದಿ ಸರಿಯಾದ ಹೆಸರು ಕೊಡದೆ ಪಟ್ಟಿಯಿಂದ ಹೊರಗುಳಿದರು. ಅವರಲ್ಲಿ ಹೆಚ್ಚಿನವರು ಬಿಹಾರ, ಉತ್ತರ ಪ್ರದೇಶ, ಮಧ್ಯಭಾರತ, ರಾಜಸ್ಥಾನ, ವಿಂಧ್ಯ ಪ್ರದೇಶದವರು. ಆಯೋಗ ಒಗಟು ಬಿಡಿಸುವ ಗೊಡವೆಗೆ ಹೋಗಲಿಲ್ಲ. ಹೋಗದಿದ್ದುದು ಸರಿಯೇ.

ಈಗ ಹೆಂಡತಿಯರು ಗಂಡಂದಿರನ್ನು ಹೆಸರು ಹಿಡಿದೇ ಕರೆಯುತ್ತಾರೆ. ಮನೆಯಲ್ಲಿ ಕೇಳಿಸದಿದ್ದರೆ ಇನ್ನೂ ಒಂದು ಸಲ ಜೋರಾಗಿ ಕರೆಯುತ್ತಾರೆ. ಯಾರ ಆಯುಷ್ಯವೂ ಕಡಿಮೆಯಾದಂತೆ ಕಾಣುವುದಿಲ್ಲ. ಊಹಿಸುವವನ ಕಸುಬು ಮಾತ್ರ ಕೆಟ್ಟಿತು. ವಿಹಾನ್, ಅಯಾನ್, ರಿಯಾನ್‌ಗಳಿಗೆ ಯಾವ ತೇರು, ಯಾವ ನದಿ, ಯಾವ ವಾರದ ಸುಳಿವು ಕೊಡುವುದು? ಮುಂದೊಂದು ದಿನ ಇವರ ಹೆಂಡತಿಯರು ಹೆಸರು ಹೇಳಲು ನಾಚಿಕೊಂಡರೂ ಯಾವ ಮಾಸ್ತರನೂ ಬಿಡಿಸಲಾರ.

ಒಡಪು ಮಾತ್ರ ಇನ್ನೂ ಬಾಗಿಲಲ್ಲಿ ನಿಂತಿದೆ, ಕೆಲವು ವಧುಗಳು ಮೊಬೈಲಿನಲ್ಲಿ ನೋಡಿಕೊಂಡು ಓದಿದರೂ ಸರಿ. ಅನೇಕ ಮನೆಗಳಲ್ಲಿ ಮದುಮಗನನ್ನೂ ತಡೆದು ಹೆಂಡತಿಯ ಹೆಸರು ಹೇಳಿಸುತ್ತಾರೆ. ಅವನು ಸಾಮಾನ್ಯವಾಗಿ ಹೆಸರನ್ನಷ್ಟೇ ಹೇಳಿ ನುಸುಳಲು ನೋಡುತ್ತಾನೆ. ಮುಂದಿನ ಮದುವೆಯಲ್ಲಿ ನೀವು ಬಾಗಿಲ ಬಳಿ ಇದ್ದರೆ ಅಷ್ಟಕ್ಕೆ ಬಿಡಬೇಡಿ, ಪ್ರಾಸ ಕೂಡಿಸಿ ಹೇಳುವ ತನಕ ಅಡ್ಡ ಹಿಡಿದ ಕೈ ತೆಗೆಯಬೇಡಿ.