ಚೇತಕದ ಜೀರ್ಣೋದ್ಧಾರ

ದೇವಾಲಯಕ್ಕೂ ಕೆರೆಗೂ ಜೀರ್ಣೋದ್ಧಾರವೆಂಬುದುಂಟು. ಸ್ಕೂಟರಿಗೂ ಉಂಟೆಂಬುದನ್ನು ಕಳೆದ ಮಾಘಮಾಸದಲ್ಲಿ ನಮ್ಮ ತಮ್ಮನಿಂದ ಅರಿತೆವು. ನಮ್ಮ ತೀರ್ಥರೂಪರು ಮುಂಗಡ ಹಣ ಕಟ್ಟಿ, ಹಲವು ವರ್ಷ ಕಾದು, 1984ರಲ್ಲಿ ಬಜಾಜ್ ಚೇತಕ್ ಸ್ಕೂಟರೊಂದನ್ನು ಕೊಂಡಿದ್ದರು. ಶೈಶವದಲ್ಲಿಯೇ ಪೋಲಿಯೋ ತಗುಲಿ ಬಲಗಾಲು ಸೊರಗಿದ್ದ ತಮ್ಮನನ್ನು ಶಾಲೆಗೆ ಕರೆದೊಯ್ಯುವುದಕ್ಕಾಗಿಯೇ ಅದು ಬಂದುದು. ಅವನ ಕಾಲು ಜೋಲಾಡದಿರಲೆಂದು ಹಿಂದಿನ ಸೀಟಿನ ಕೆಳಗೆ ಬಲಮಗ್ಗುಲಿಗೆ ಕಬ್ಬಿಣದ ಸಣ್ಣ ಪಾದಪೀಠವೊಂದನ್ನೂ ಬೆಸೆಯಿಸಿದ್ದರು. ಅವರು ಕಾಲವಾದ ಮೇಲೆ ವಾಹನವು ತುಮಕೂರಿನ ಮನೆಯ ಹಿತ್ತಿಲಲ್ಲಿ ಟಾರ್ಪಾಲಿನಡಿಯಲ್ಲಿ ತುಕ್ಕು ಹಿಡಿಯುತ್ತಿದ್ದಿತು.

"ಅದನ್ನು ನನಗೆ ಸರಿಮಾಡಿಸಿಕೊಡು, ಅಣ್ಣ. ಮಗ್ಗುಲಿಗೆ ಎರಡು ಚಕ್ರ ಸೇರಿಸಿದರೆ ನಾನೇ ನಡೆಸುತ್ತೇನೆ" ಎಂದನು. ಗೇರಿಲ್ಲದ ಹೊಸ ವಾಹನವನ್ನೇ ಕೊಡಿಸುವೆವೆಂದರೂ ಒಪ್ಪಲಿಲ್ಲ. "ಇದರ ಹಿಂದಿನ ಸೀಟು ನನಗೆ ಚೆನ್ನಾಗಿ ಗೊತ್ತು. ಮುಂದಿನದು ಹೇಗಿದೆಯೋ ನೋಡಬೇಕು." ಚೇತಕವೆಂಬುದು ರಾಣಾ ಪ್ರತಾಪನ ಕುದುರೆಯ ಹೆಸರು, 1576ರ ಹಲ್ದೀಘಾಟಿಯ ಯುದ್ಧದಲ್ಲಿ ಕಾಲಿಗೆ ಗಾಯವಾದರೂ ಒಡೆಯನನ್ನು ಹೊತ್ತು ಹಳ್ಳ ದಾಟಿಸಿ ಪ್ರಾಣಬಿಟ್ಟಿತೆಂದು ಐತಿಹ್ಯ. "ಕುಂಟು ಕುದುರೆಯ ಹೆಸರಿನ ಗಾಡಿ ನನಗಲ್ಲದೆ ಇನ್ನಾರಿಗೆ?" ಎಂದು ನಕ್ಕನು. ನಮಗೆ ನಗು ಬರಲಿಲ್ಲ.

ಊರಿನ ಮೆಕ್ಯಾನಿಕ್ಕನು ಬರೆದುಕೊಟ್ಟ ಪಟ್ಟಿಯನ್ನು ಹಿಡಿದು, ಸುಮಾರು 70 ಕಿಲೋಮೀಟರು ದೂರದ ಬೆಂಗಳೂರಿಗೆ ಇಬ್ಬರೂ ರೈಲಿನಲ್ಲಿ ಹೊರಟೆವು. ಅಲ್ಲಿ ಜಯಚಾಮರಾಜೇಂದ್ರ ರಸ್ತೆಯನ್ನು ಜೆ. ಸಿ. ರಸ್ತೆಯೆಂದರೇ ಜನರಿಗೆ ತಿಳಿಯುವುದು. 1935ರಲ್ಲಿ ತೆರೆದ ಪುರಭವನದ ಗಂಭೀರವಾದ ಕಂಬಗಳನ್ನೂ ರವೀಂದ್ರ ಕಲಾಕ್ಷೇತ್ರವನ್ನೂ ಕಂಡು ಇದು ವಿದ್ವಜ್ಜನರ ಬೀದಿಯೆಂದು ವಾಚಕರು ಭ್ರಮಿಸಬಾರದು. ಮಿನರ್ವ ವೃತ್ತದ ಕಡೆಗೆ ನಡೆದಂತೆ ವಾಹನಗಳ ಬಿಡಿಭಾಗಗಳ ಅಂಗಡಿಗಳೇ ಅಂಗಡಿಗಳು. ನಡೆಯುವುದೆಂದೆವು, ಅದೇ ಕಷ್ಟ. ಪಾದಚಾರಿಗಳ ಹಾದಿಯಲ್ಲಿ ಚಪ್ಪಡಿ ಎದ್ದಲ್ಲಿ ಹಳ್ಳ, ಚಪ್ಪಡಿ ಇದ್ದಲ್ಲಿ ನಿಲ್ಲಿಸಿದ ಮೋಟಾರು ಸೈಕಲ್ಲು. ಐದು ನಿಮಿಷದ ದಾರಿಗೆ ಅರ್ಧ ಗಂಟೆ ಹಿಡಿಯಿತು. ನಾವು ತೋಳು ನೀಡಿದಾಗಲೆಲ್ಲ ತಮ್ಮನು ಅದನ್ನು ಮೆಲ್ಲನೆ ಸರಿಸಿ ಊರುಗೋಲನ್ನೇ ಊರಿದನು.

ಅಂಗಡಿಯೊಳಗೆ ಕಾಲಿಟ್ಟೊಡನೆ ನಮ್ಮ ಹಿರಿತನ ಮುಗಿಯಿತು. ಕ್ಲಚ್ ಪ್ಲೇಟು, ಪಿಸ್ಟನ್ ರಿಂಗು, ಗೇರ್ ಕೇಬಲ್ಲು, ಕಾರ್ಬುರೇಟರಿನ ಜೆಟ್ಟು! ಅಮರಕೋಶವನ್ನು ಕಂಠಸ್ಥಮಾಡಿದ ನಮಗೆ ಒಂದು ಶಬ್ದವೂ ಹತ್ತಲಿಲ್ಲ. ತಮ್ಮನು ಪಟ್ಟಿಯನ್ನು ನೋಡದೆಯೇ ಒಂದೊಂದನ್ನೂ ಹೇಳಿ, ಕೈಯಲ್ಲಿ ತೂಗಿ, ಒಂದೆರಡನ್ನು ನಕಲಿಯೆಂದು ಹಿಂದಕ್ಕೆ ತಳ್ಳಿದನು. ಅಂಗಡಿಯವನು ನಮಗೆ ಸ್ಟೂಲು ಕೊಟ್ಟು ಕುಳ್ಳಿರಿಸಿ, ಮಾತನ್ನೆಲ್ಲ ಅವನೊಡನೆಯೇ ಆಡಿದನು. 1972ರಲ್ಲಿ ಆರಂಭವಾದ ಈ ಚೇತಕದ ತಯಾರಿಕೆ 2009ರ ಸುಮಾರಿಗೆ ನಿಂತಿತು; 2020ರಿಂದ ಅದೇ ಹೆಸರಿನಲ್ಲಿ ಬರುತ್ತಿರುವುದು ವಿದ್ಯುತ್ತಿನಿಂದ ಓಡುವ ಬೇರೆಯೇ ವಾಹನ. ಆದರೂ ಹಳೆಯದರ ಎಂಜಿನ್ನಿನ ಭಾಗಗಳು ಇಂದಿಗೂ ಸಿಕ್ಕುತ್ತವೆ. ಸಿಕ್ಕದ್ದು ದಪ್ಪ ತಗಡಿನ ಪಕ್ಕದ ಮುಚ್ಚಳ. ಅದಕ್ಕಾಗಿ ಶಿವಾಜಿನಗರದ ಗುಜರಿ ಅಂಗಡಿಗಳನ್ನು ಸಂಜೆಯವರೆಗೆ ಸುತ್ತಿ, ಹಸುರು ಬಣ್ಣದ್ದೊಂದನ್ನು ತಂದೆವು, ನಮ್ಮದು ನೀಲಿ.

ಇಟಲಿಯ ವೆಸ್ಪದ ವಂಶದ ಈ ವಾಹನಕ್ಕೆ ಬೇರೆ ಚೌಕಟ್ಟಿಲ್ಲ. ಒತ್ತಿ ರೂಪಿಸಿದ ಉಕ್ಕಿನ ತಗಡೇ ಒಡಲು, ಅದೇ ಅಸ್ಥಿಪಂಜರ. ಆದಕಾರಣ ಕಾಲಿಡುವ ಹಲಗೆಯ ತುಕ್ಕು ಹಿಡಿದ ಭಾಗವನ್ನು ತೆಗೆದು ಹೊಸ ತಗಡನ್ನು ಬೆಸೆದ ಮೇಲೆಯೇ ಉಳಿದ ಕೆಲಸ. ಬಲಗಾಲಿನ ಬ್ರೇಕಿನ ಪೆಡಲನ್ನು ಎಡಕ್ಕೆ ಸರಿಸಿದ್ದಾಯಿತು. ಕೊನೆಗೆ ಮಗ್ಗುಲ ಚಕ್ರಗಳ ಸರದಿ. ಮೆಕ್ಯಾನಿಕ್ಕನು ಪಾದಪೀಠವನ್ನು ತಟ್ಟಿ, "ಚಕ್ರದ ಕಂಬಿ ಇಲ್ಲಿಗೇ ಬರಬೇಕು ಸಾರ್, ಇದನ್ನು ಕೊಯ್ಯಬೇಕು" ಎಂದನು. ಆಗದೆಂದೆವು, ಬೇರೆ ಉಪಾಯ ನೋಡೆಂದೆವು. ತಂದೆಯವರು ಕಮ್ಮಾರನ ಬಳಿ ಕುಳಿತು ಅಳತೆ ಕೊಟ್ಟು ಮಾಡಿಸಿದ್ದಲ್ಲವೆ!

"ಕೊಯ್ಯಲಿ ಅಣ್ಣ" ಎಂದನು ತಮ್ಮ. "ಅದು ಹಿಂದೆ ಕುಳಿತವನಿಗೆ ಮಾಡಿದ್ದು."

ತುಂಡನ್ನು ಗುಜರಿಯ ರಾಶಿಗೆ ಎಸೆಯುವ ಮುನ್ನ ನಾವು ಎತ್ತಿ ಚೀಲಕ್ಕೆ ಹಾಕಿಕೊಂಡೆವು.

ಇಂತಹ ಕಾರ್ಯಕ್ಕೆ ತೊಡಗುವ ವಾಚಕರು ಸಾರಿಗೆ ಕಚೇರಿಯ ಅನುಮತಿಯನ್ನು ಮೊದಲೇ ಪಡೆಯುವುದು ಲೇಸು. ಮಾರ್ಪಾಡನ್ನು ನೋಂದಣಿಪತ್ರದಲ್ಲಿ ಬರೆಯಿಸಬೇಕು; 15 ವರ್ಷ ಮೀರಿದ್ದಾದರೆ ನೋಂದಣಿಯನ್ನೂ ನವೀಕರಿಸಬೇಕು. ಕಾಗದಗಳ ಓಡಾಟ ಎಂಜಿನ್ನಿನ ಕೆಲಸಕ್ಕಿಂತ ದೀರ್ಘವಾಯಿತೆಂದಷ್ಟು ಹೇಳಿದರೆ ಸಾಕು.

ಪರವಾನಗಿ ಕೈಸೇರಿದ ಮರುದಿನ ಪ್ರಾತಃಕಾಲದಲ್ಲಿ ಅವನು ವಾಹನದ ಬಲಮಗ್ಗುಲಿಗೆ ನಿಂತು, ಊರುಗೋಲನ್ನು ಊರಿ, ಎಡಗಾಲಿನಿಂದ ಕಿಕ್ ಹೊಡೆದನು. ಮೂರನೆಯ ಒದೆತಕ್ಕೆ ಎಂಜಿನ್ನು ಎದ್ದು ಬೀದಿಯ ತುಂಬ ನೀಲಿ ಹೊಗೆ ಹರಡಿತು. ಚಕ್ರ ಸೇರಿಸಿದ ವಾಹನವನ್ನು ವಾಲಿಸಿ ತಿರುಗಿಸಲಾಗದು, ನಿಧಾನಿಸಬೇಕೆಂದು ನಾವು ಕೂಗಿ ಹೇಳುವಷ್ಟರಲ್ಲಿ ಅವನು ಅಮಾನಿಕೆರೆಯ ದಿಕ್ಕಿನ ತಿರುವನ್ನು ದಾಟಿದ್ದನು. ಊರುಗೋಲನ್ನು ಕಟ್ಟಿಕೊಂಡು ಹೋಗಿದ್ದನೆ, ಬಿಟ್ಟು ಹೋಗಿದ್ದನೆ ಎಂದು ಅಂಗಳವನ್ನೆಲ್ಲ ಹುಡುಕಿದೆವು. ಅರ್ಧ ಗಂಟೆ ಕಳೆಯಿತು, ಒಂದು ಗಂಟೆಯಾಯಿತು. ಕಾಫಿ ಆರಿಹೋಯಿತು. ಬಾಗಿಲಲ್ಲಿಯೇ ನಿಂತಿದ್ದೆವು.

ಬಂದನು. ಎಲ್ಲಿಗೆ ಹೋಗಿದ್ದೆಯೆಂದು ಕೇಳಲು ಬಾಯಿ ತೆರೆದವರು ಸುಮ್ಮನಾದೆವು. "ಪೆಟ್ರೋಲಿಗೆ ಎಣ್ಣೆ ಸ್ವಲ್ಪ ಹೆಚ್ಚಾಗಿ ಬೆರೆತಿದೆ, ಅಣ್ಣ" ಎಂದಷ್ಟೇ ಹೇಳಿ, ಊರುಗೋಲನ್ನು ಸೀಟಿನ ಪಕ್ಕದಿಂದ ಬಿಚ್ಚಿಕೊಂಡು ಒಳಗೆ ಹೋದನು.