ಲೈನ್ ಗಾಡಿಯೋ, ಲೋಕಲ್ ಗಾಡಿಯೋ?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆ ನೆಲದಡಿ ಸುಣ್ಣದ ಕಲ್ಲು. ಅದಕ್ಕೇ ಸಿಮೆಂಟ್ ಕಾರ್ಖಾನೆಗಳು ಬಂದವು, ಅವುಗಳ ಹಿಂದೆ ಲಾರಿಗಳೂ ಬಂದವು.

ಫರ್ಸಿ ಪಾಲಿಶ್ ಕೆಲಸ ಬಿಟ್ಟು ಡ್ರೈವರ್ ಆಗ್ತೀನಿ ಅಂತಾನೆ ನಮ್ಮಣ್ಣ. ಇಬ್ಬರು ಮಕ್ಕಳಿದ್ದಾರೆ, ಜೊತೆಗೆ ತಮ್ಮಂದಿರಾದ ನಮ್ಮಿಬ್ಬರ ಕಾಲೇಜು ಫೀಸು. ಕಾರಿನ ಲೈಸೆನ್ಸ್‌ಗೆ 1 ವರ್ಷ ತುಂಬಿದೆ, ಇನ್ನು ಲಾರಿಗೆ ಅರ್ಜಿ ಹಾಕಬಹುದು.

ವೈನಿ ಕೇಳಿದ್ದು ಒಂದೇ: "ವಾರದಾಗ ಎಷ್ಟು ರಾತ್ರಿ ಮನ್ಯಾಗ ಇರ್ತೀರಿ?"

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8, ವಾರಕ್ಕೆ 48 ಗಂಟೆ ಕೆಲಸ ಅನ್ನುತ್ತಿತ್ತು. ಆದರೆ ಟ್ರಿಪ್ ಲೆಕ್ಕದಲ್ಲಿ ದುಡ್ಡು ಕೊಟ್ಟರೆ ಗಡಿಯಾರ ಯಾರು ನೋಡ್ತಾರೆ? ಲೋಡ್‌ಗಾಗಿ ಸಾಲಲ್ಲಿ ಕಾದ ರಾತ್ರಿ ಆ ಲೆಕ್ಕಕ್ಕೇ ಬರಲ್ಲ.

ಹೈದರಾಬಾದ್, ಪುಣೆ ಲೈನಿಗೆ ಹೋದರೆ ದುಡ್ಡು ಜಾಸ್ತಿ, ಆದರೆ ಮಕ್ಕಳು ಅಪ್ಪನ್ನ ಫೋನಲ್ಲೇ ನೋಡಬೇಕು. ಗಣಿಯಿಂದ ಕಾರ್ಖಾನೆಗೆ ಕಲ್ಲು ಹೊಡೆದರೆ ಧೂಳು ಬಾಳ, ಗಳಿಕೆ ಕಮ್ಮಿ, ಆದರೂ ಶಿಫ್ಟ್ ಮುಗಿದ ಮೇಲೆ ಮನೆಗೆ ಬರಬಹುದು.

ಮಕ್ಕಳು ಸಣ್ಣವರಿರೋತನಕ ಲೋಕಲ್ ಗಾಡಿನೇ ಸಾಕು ಅಂತ ನಾವು ಹೇಳಿದ್ದೀವಿ. ಕಮ್ಮಿ ಬೀಳೋ ದುಡ್ಡಿಗೆ ನಾವಿಬ್ಬರೂ ಸಂಜೆ ಟ್ಯೂಷನ್ ಹೇಳ್ತೀವಿ. ಅಣ್ಣ ಇನ್ನೂ ಹೂಂ ಅಂದಿಲ್ಲ.