ಬೆಣ್ಣೆ ಮತ್ತು 20 ಲೀಟರ್ ಹಾಲಿನ ಲೆಕ್ಕ

ಒಳ್ಳೆ ಬೆಣ್ಣೆಗೆ ಬೇಕಾದ್ದು ಎರಡೇ ನೋಡಿ: ಹಾಲು, ಹೆಪ್ಪು. ಉಪ್ಪೂ ಬೇಡ, ಬಣ್ಣವೂ ಬೇಡ. ಹಸುವಿನ ಬೆಣ್ಣೆ ತಾನಾಗೇ ತಿಳಿಹಳದಿ, ಎಮ್ಮೆಯದು ಬಿಳಿ. ಉಳಿದದ್ದೆಲ್ಲ ಕಡೆಯುವವರ ಕೈಗುಣ. ಬೇಸಿಗೆಯಲ್ಲಿ ಮೊಸರಿಗೆ ತಣ್ಣೀರು ಬೆರೆಸಬೇಕು, ಚಳಿಗಾಲದಲ್ಲಿ ಉಗುರುಬೆಚ್ಚಗಿನ ನೀರು. ಬೆಣ್ಣೆ ತೇಲಿದ ಮೇಲೆ, ನೀರು ತಿಳಿಯಾಗುವವರೆಗೂ ತೊಳೀಬೇಕು. ಮಜ್ಜಿಗೆ ಉಳಿದರೆ ಬೇಗ ಕೆಡುತ್ತೆ.

ನಮ್ಮ ಕೋಲಾರದ ಕಡೆ ವರ್ಷವಿಡೀ ಹರಿಯೋ ನದಿಯಿಲ್ಲ, ಆದ್ರೂ ಹಸುಗಳಿಗೆ ಬರವಿಲ್ಲ. ಮಾಲೂರಾಗಲಿ, ಶ್ರೀನಿವಾಸಪುರವಾಗಲಿ, ಬೆಳಗಾದ್ರೆ ಹಾಲು ಹಿಡಿದು ಡೈರಿಗೆ ಹೊರಡ್ತಾರೆ. ಕೊಬ್ಬಿನಂಶ ನೋಡಿ ದುಡ್ಡು ಕೊಡ್ತಾರೆ. ಎಷ್ಟೋ ಸಂಸಾರ ನಡೆಯೋದೇ ಅದರಿಂದ. ಈಗ ಲೆಕ್ಕ ಹಾಕಿ. ಶೇಕಡಾ 4 ಕೊಬ್ಬಿರುವ ಹಾಲಾದ್ರೆ ಒಂದು ಕೆಜಿ ಬೆಣ್ಣೆಗೆ ಹೆಚ್ಚುಕಮ್ಮಿ 20 ಲೀಟರ್ ಬೇಕು! ಅಷ್ಟನ್ನು ಡೈರಿಗೆ ಹಾಕದೆ ಮನೇಲಿ ಉಳಿಸ್ಕೊಳ್ಳೋದು ಯಾರಿಗೆ ಸಾಧ್ಯ? ಅದಕ್ಕೇ ಹಸು ಕಟ್ಟಿದ ಎಷ್ಟೋ ಮನೆಗಳಲ್ಲೇ ಕಡಗೋಲು ಮೂಲೆ ಸೇರಿದೆ.

ಮುಳಬಾಗಿಲಿನ ಕಡೆ ತೆಲುಗು ಮನೆಮಾತಿನವರು ‘ವೆನ್ನ’ ಅಂತಾರೆ. ಹೆಸರು ಏನಾದರಿರಲಿ, ಬಿಸಿ ರಾಗಿ ರೊಟ್ಟಿ ಮೇಲೆ ಒಂದು ಉಂಡೆ ಇಟ್ಟು ಅದು ಕರಗೋದನ್ನ ನೋಡಿ... ಆಹಾ!

ಮನೇಲಿ ಕಡೆದ ಬೆಣ್ಣೆ ಮಾರೋ ಅಜ್ಜಿ ಸಿಕ್ಕರೆ, ಚೌಕಾಸಿಗೆ ಮುಂಚೆ ಆ 20 ಲೀಟರ್ ನೆನಪಿಸ್ಕೊಳ್ಳಿ. ನಿಮ್ಮೂರಲ್ಲಿ ಇನ್ನೂ ಯಾರಾದ್ರೂ ಕಡೀತಾರಾ?